ಅಂಗೈಯಗಲದ ಗಣಕಕ್ಕೆ ವಿದ್ಯುತ್ ಪೂರೈಕೆ: ತಿಳಿದಿರಬೇಕಾದ ಸಂಗತಿಗಳು

ಶಿಗ್ಲಿ (ಲಕ್ಷ್ಮೇಶ್ವರ ತಾ.): ಗದಗ ಜಿಲ್ಲೆಯ ಶಿಗ್ಲಿ ನೇಕಾರರ ಊರೆಂದೇ ಪರಿಚಿತ. ಮಗ್ಗಕ್ಕೂ ಗಣಕಯಂತ್ರಕ್ಕೂ ಹಳೆಯ ನಂಟೊಂದಿದೆ. ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ ಬಟ್ಟೆಯ ಚಿತ್ತಾರವನ್ನು ನಿರ್ಧರಿಸುತ್ತಿದ್ದವು ತೂತು ಕೊರೆದ ರಟ್ಟಿನ ಪಟ್ಟಿಗಳು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಕಲ್ಪನೆಗೆ ಇದೇ ಉಪಾಯವನ್ನು ಎರವಲು ಪಡೆದ. ಇಂದು ಆ ಗಣಕವೇ ಅಂಗೈಯಗಲದ ಹಸಿರು ಫಲಕವಾಗಿ ಕಿರಿದಾಗಿ, ಹಳ್ಳಿಯ ಶಾಲೆಯ ಮೇಜಿನ ಮೇಲೂ ಕಾಣಿಸಿಕೊಳ್ಳುವಂತಾಗಿದೆ.

ಕೇಂದ್ರ ಸರ್ಕಾರದ ನೀತಿ ಆಯೋಗವು 2016ರಲ್ಲಿ ಆರಂಭಿಸಿದ ಅಟಲ್ ಇನ್ನೋವೇಷನ್ ಮಿಷನ್‌ನ ಅಡಿಯಲ್ಲಿ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಶಾಲೆಗಳಲ್ಲಿ ಟಿಂಕರಿಂಗ್ ಪ್ರಯೋಗಾಲಯಗಳು ತೆರೆದ ನಂತರ ಇಂತಹ ಫಲಕಗಳ ಪರಿಚಯ ನಗರಗಳಾಚೆಗೂ ಹಬ್ಬಿದೆ. ಆದರೆ ಹೊಸದಾಗಿ ಫಲಕ ಕೊಂಡವರು ಪದೇ ಪದೇ ಎದುರಿಸುವ ತೊಂದರೆಗಳ ಮೂಲ ಹೆಚ್ಚಿನ ಸಲ ಪ್ರೋಗ್ರಾಮ್‌ನಲ್ಲಿ ಇರುವುದಿಲ್ಲ; ಅದಕ್ಕೆ ಜೋಡಿಸಿದ ಅಡಾಪ್ಟರ್ ಮತ್ತು ಕೇಬಲ್‌ನಲ್ಲಿ ಇರುತ್ತದೆ. ಗಣಕ ತಾನಾಗಿ ಮರುಚಾಲನೆಗೊಳ್ಳುವುದು, ಕೀಲಿಮಣೆ ನಡುನಡುವೆ ಕೈಕೊಡುವುದು, ಮೆಮೊರಿ ಕಾರ್ಡ್ ಕೆಟ್ಟು ವಾರಗಟ್ಟಲೆ ಮಾಡಿದ ಕೆಲಸ ಅಳಿಸಿಹೋಗುವುದು, ಕೆಲವೊಮ್ಮೆ ಇಡೀ ಫಲಕವೇ ಸುಟ್ಟುಹೋಗುವುದು ಇವೆಲ್ಲವೂ ವಿದ್ಯುತ್ ಪೂರೈಕೆಯ ದೋಷದ ಫಲಗಳು. ಕೆಲವು ಸಾವಿರ ರೂಪಾಯಿಗಳ ಫಲಕವನ್ನು ಮಗುವಿಗಾಗಿ ಕೊಂಡ ಕುಟುಂಬಕ್ಕೆ ಇದು ಸಣ್ಣ ನಷ್ಟವಲ್ಲ. ಈ ನಿಟ್ಟಿನಲ್ಲಿ ನಮ್ಮ ಗ್ರಾಮೀಣ ವಿದ್ಯುತ್ತಿನ ಸ್ಥಿತಿಯನ್ನೂ ಗಮನದಲ್ಲಿರಿಸಿಕೊಂಡು ಇಲ್ಲಿ ಕೆಲವು ವಿವರಗಳನ್ನು ನೀಡಲಾಗಿದೆ.

ಏನಿದು ಏಕಫಲಕ ಗಣಕ?

ಪ್ರೊಸೆಸರ್, ಸ್ಮರಣೆ ಮತ್ತು ಸಂಪರ್ಕದ ಕಿಂಡಿಗಳೆಲ್ಲವೂ ಒಂದೇ ಫಲಕದ ಮೇಲಿರುವ ಪೂರ್ಣ ಗಣಕವೇ ಸಿಂಗಲ್ ಬೋರ್ಡ್ ಕಂಪ್ಯೂಟರ್, ಅಂದರೆ ಏಕಫಲಕ ಗಣಕ. ಇವುಗಳಲ್ಲಿ ಅತ್ಯಂತ ಜನಪ್ರಿಯವಾದ ರಾಸ್ಪ್‌ಬೆರಿ ಪೈ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ರೂಪುಗೊಂಡು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದಿತು. ಬೀಗಲ್‌ಬೋನ್, ಆರೆಂಜ್ ಪೈ ಮೊದಲಾದವು ಇದೇ ವರ್ಗಕ್ಕೆ ಸೇರಿದವು. ಆರ್ಡುಯಿನೋ ಫಲಕವು ಇವುಗಳ ಜೊತೆಗೆ ಹೆಸರಿಸಲ್ಪಡುವುದಾದರೂ ಅದು ಮೈಕ್ರೋಕಂಟ್ರೋಲರ್ ಮಾತ್ರ. ಅದರ ವಿದ್ಯುತ್ ನಿಯಮಗಳು ಬೇರೆ. ಆರ್ಡುಯಿನೋ ಯೂನೋದ ದುಂಡು ಕಿಂಡಿಗೆ 7ರಿಂದ 12 ವೋಲ್ಟ್ ಕೊಡಬಹುದು. ಅದೇ 12 ವೋಲ್ಟನ್ನು ರಾಸ್ಪ್‌ಬೆರಿ ಪೈಗೆ ಕೊಟ್ಟರೆ ಫಲಕ ಹಾಳಾಗುತ್ತದೆ.

ಅಗ್ಗದ ಪುಟ್ಟ ಗಣಕದ ಕನಸು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದ್ದರು. ಜನಸಾಮಾನ್ಯರಿಗಾಗಿ ರೂಪಿಸಿದ ಕೈಹಿಡಿ ಗಣಕ ಸಿಂಪ್ಯೂಟರ್ ಬ್ಯಾಟರಿಯಿಂದಲೂ ನಡೆಯುವಂತಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ ಅಮಿಡಾ ಹೆಸರಿನ ಮಾದರಿ ಮಾರುಕಟ್ಟೆಗೂ ಬಂದಿತು. ಸಿಂಪ್ಯೂಟರ್ ನಿರೀಕ್ಷಿತ ಯಶಸ್ಸು ಕಾಣಲಿಲ್ಲ. ಆದರೆ ಹಳ್ಳಿಗೆ ಹೋಗುವ ಗಣಕವು ಗೋಡೆಯ ಪ್ಲಗ್ಗನ್ನೇ ನಂಬಿಕೊಂಡಿರಬಾರದೆಂಬ ವಿಚಾರ ಇಂದಿಗೂ ಅಷ್ಟೇ ಪ್ರಸ್ತುತ.

ವೋಲ್ಟ್, ಆಂಪಿಯರ್, ವ್ಯಾಟ್

ಮೂರು ಪದಗಳನ್ನು ಮೊದಲು ಬೇರ್ಪಡಿಸಿ ತಿಳಿಯಬೇಕು. ಮೇಲಿನ ಟ್ಯಾಂಕಿನ ನೀರಿಗೆ ಹೋಲಿಸುವುದಾದರೆ ವೋಲ್ಟ್ ಎಂಬುದು ನೀರಿನ ಒತ್ತಡ, ಆಂಪಿಯರ್ ಎಂಬುದು ಕೊಳವೆಯಲ್ಲಿ ಹರಿಯುವ ನೀರಿನ ಪ್ರಮಾಣ. ಇವೆರಡನ್ನು ಗುಣಿಸಿದರೆ ವ್ಯಾಟ್ ಸಿಗುತ್ತದೆ. ಫಲಕಕ್ಕೆ ಬೇಕಾದ ವೋಲ್ಟ್ ನಿಗದಿಯಾದುದು. ಹೆಚ್ಚಾದರೆ ಫಲಕ ಸುಡುತ್ತದೆ, ಕಡಿಮೆಯಾದರೆ ತಡವರಿಸುತ್ತದೆ. ಆಂಪಿಯರ್ ವಿಷಯ ಹಾಗಲ್ಲ. ಅಡಾಪ್ಟರ್ ಮೇಲೆ ಬರೆದ ಆಂಪಿಯರ್ ಅದು ಕೊಡಬಲ್ಲ ಗರಿಷ್ಠ ಪ್ರಮಾಣವಷ್ಟೇ. ಫಲಕವು ತನಗೆ ಬೇಕಾದಷ್ಟನ್ನು ಮಾತ್ರ ಎಳೆದುಕೊಳ್ಳುತ್ತದೆ. ಆದ್ದರಿಂದ 1 ಆಂಪಿಯರ್ ಬೇಡುವ ಫಲಕಕ್ಕೆ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಜೋಡಿಸಿದರೆ ಹಾನಿಯಿಲ್ಲ. ‘ಹೆಚ್ಚು ಆಂಪಿಯರ್ ಬೋರ್ಡನ್ನು ಸುಡುತ್ತದೆ’ ಎಂಬ ಮಾತು ತಪ್ಪು ಕಲ್ಪನೆ.

ಯಾವ ಮಾದರಿಗೆ ಎಷ್ಟು?

ರಾಸ್ಪ್‌ಬೆರಿ ಪೈನ ಎಲ್ಲ ಮುಖ್ಯ ಮಾದರಿಗಳೂ 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. ತಯಾರಕರು ಶಿಫಾರಸು ಮಾಡುವ ಅಡಾಪ್ಟರ್ ಸಾಮರ್ಥ್ಯ ಹೀಗಿದೆ:

ಪೈ ಝೀರೋ ಮತ್ತು ಝೀರೋ ಡಬ್ಲ್ಯು: 1.2 ಆಂಪಿಯರ್
ಪೈ ಝೀರೋ 2 ಡಬ್ಲ್ಯು: 2 ಆಂಪಿಯರ್
ಪೈ 2: 1.8 ಆಂಪಿಯರ್
ಪೈ 3: 2.5 ಆಂಪಿಯರ್
ಪೈ 4: 3 ಆಂಪಿಯರ್
ಪೈ 5: 5 ಆಂಪಿಯರ್

ಇವು ಕೀಲಿಮಣೆ, ಕ್ಯಾಮೆರಾ, ಹಾರ್ಡ್ ಡಿಸ್ಕ್ ಮುಂತಾದವುಗಳ ಪಾಲನ್ನೂ ಸೇರಿಸಿ ಹೇಳಿದ ಅಂಕಿಗಳು. ಬರಿಯ ಫಲಕದ ಸಾಮಾನ್ಯ ಬಳಕೆ ಇದಕ್ಕಿಂತ ಬಹಳ ಕಡಿಮೆ: ಝೀರೋಗೆ ಸುಮಾರು 0.1 ಆಂಪಿಯರ್, ಝೀರೋ ಡಬ್ಲ್ಯುಗೆ 0.15, ಪೈ 4ಕ್ಕೆ 0.6, ಪೈ 5ಕ್ಕೆ 0.8 ಆಂಪಿಯರ್.

2019ರ ಜೂನ್‌ನಲ್ಲಿ ಬಂದ ಪೈ 4ರಿಂದ ಮೈಕ್ರೋ ಯುಎಸ್‌ಬಿ ಕಿಂಡಿಯ ಬದಲು ಟೈಪ್-ಸಿ ಕಿಂಡಿ ಬಳಕೆಗೆ ಬಂದಿತು. ಆರಂಭದ ಪೈ 4 ಫಲಕಗಳಲ್ಲಿ ಆ ಕಿಂಡಿಯ ವಿನ್ಯಾಸದಲ್ಲೊಂದು ದೋಷವಿತ್ತು. ಎರಡು ಪ್ರತ್ಯೇಕ ರೋಧಕಗಳಿರಬೇಕಾದಲ್ಲಿ ಒಂದನ್ನೇ ಹಂಚಿಕೊಂಡಿದ್ದರಿಂದ, ಲ್ಯಾಪ್‌ಟಾಪ್‌ಗಳೊಂದಿಗೆ ಬರುವ ಕೆಲವು ದುಬಾರಿ ಕೇಬಲ್‌ಗಳು ಫಲಕವನ್ನು ಧ್ವನಿ ಉಪಕರಣವೆಂದು ಭಾವಿಸಿ ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ. ನಂತರದ ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು. ಹಳೆಯ ಪೈ 4 ಕೊಂಡವರ ಬಳಿ ಫಲಕ ಚಾಲೂ ಆಗದಿದ್ದರೆ ಸಾದಾ ಕೇಬಲ್ ಹಾಕಿ ನೋಡುವುದು ಮೊದಲ ಪರೀಕ್ಷೆ.

2023ರಲ್ಲಿ ಬಂದ ಪೈ 5ರ ವಿಷಯದಲ್ಲಿ ಮತ್ತೊಂದು ಗೊಂದಲವಿದೆ. ‘ನನ್ನ ಲ್ಯಾಪ್‌ಟಾಪ್ ಚಾರ್ಜರ್ 65 ವ್ಯಾಟ್‌ನದು, ಫಲಕಕ್ಕೆ ಬೇಕಿರುವುದು 27 ವ್ಯಾಟ್, ಧಾರಾಳವಾಯಿತು’ ಎಂದು ಭಾವಿಸುವುದು ಸಹಜ. ಆದರೆ ಅಂತಹ ಚಾರ್ಜರ್ ತನ್ನ ಪೂರ್ಣ ಸಾಮರ್ಥ್ಯವನ್ನು 20 ವೋಲ್ಟ್‌ನಲ್ಲಿ ಕೊಡುತ್ತದೆ. 5 ವೋಲ್ಟ್‌ನಲ್ಲಿ ಸಾಮಾನ್ಯವಾಗಿ ಕೊಡುವುದು 3 ಆಂಪಿಯರ್ ಮಾತ್ರ. ಆಗ ಪೈ 5 ಚಾಲೂ ಆಗುತ್ತದೆ, ಆದರೆ ಯುಎಸ್‌ಬಿ ಕಿಂಡಿಗಳಿಗೆಲ್ಲ ಸೇರಿ 0.6 ಆಂಪಿಯರ್ ಮಾತ್ರ ಹಂಚುತ್ತದೆ. 5 ಆಂಪಿಯರ್ ಅಡಾಪ್ಟರ್ ಇದ್ದರೆ ಈ ಪಾಲು 1.6 ಆಂಪಿಯರ್ ಆಗುತ್ತದೆ. ಕೀಲಿಮಣೆ ಮತ್ತು ಮೌಸ್ ಮಾತ್ರ ಬಳಸುವವರಿಗೆ 3 ಆಂಪಿಯರ್ ಸಾಕು. ಹಾರ್ಡ್ ಡಿಸ್ಕ್ ಜೋಡಿಸುವವರಿಗೆ ಸಾಲದು.

ಕೇಬಲ್ ನುಂಗುವ ವೋಲ್ಟೇಜ್

ಒಳ್ಳೆಯ ಅಡಾಪ್ಟರ್ ಇದ್ದೂ ಫಲಕ ತಡವರಿಸಿದರೆ ಕೇಬಲ್ ಕಡೆಗೆ ನೋಡಬೇಕು. ಮೊಬೈಲ್ ಚಾರ್ಜ್ ಮಾಡಲು ದೊರೆಯುವ ತೆಳು ಕೇಬಲ್‌ಗಳ ಒಳಗಿನ ತಂತಿ ಕೆಲವೊಮ್ಮೆ 28 ಗೇಜ್‌ನಷ್ಟು ಸಪೂರವಾಗಿರುತ್ತದೆ. ಅಂತಹ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.21 ಓಮ್. ವಿದ್ಯುತ್ತು ಹೋಗಲೊಂದು, ಮರಳಲೊಂದು ತಂತಿ ಬೇಕಾದ್ದರಿಂದ 1 ಮೀಟರ್ ಕೇಬಲ್‌ನ ಒಟ್ಟು ರೋಧ 0.42 ಓಮ್‌ನಷ್ಟಾಗುತ್ತದೆ. 1 ಆಂಪಿಯರ್ ಹರಿದಾಗ ಕೇಬಲ್ಲೇ 0.42 ವೋಲ್ಟ್ ನುಂಗುತ್ತದೆ. ಅಡಾಪ್ಟರ್ ಬಳಿ 5 ವೋಲ್ಟ್ ಇದ್ದರೂ ಫಲಕ ತಲುಪುವುದು 4.58 ವೋಲ್ಟ್ ಮಾತ್ರ.

ಅದೇ ಉದ್ದದ 22 ಗೇಜ್ ತಂತಿಯಲ್ಲಿ ನಷ್ಟ ಸುಮಾರು 0.11 ವೋಲ್ಟ್. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪವೆಂಬುದನ್ನು ನೆನಪಿಡಬೇಕು. ಕೇಬಲ್‌ನ ಉದ್ದ ಇಮ್ಮಡಿಯಾದರೆ ನಷ್ಟವೂ ಇಮ್ಮಡಿ. ಈ ಕೊರತೆಯನ್ನು ತುಂಬಲೆಂದೇ ರಾಸ್ಪ್‌ಬೆರಿ ಪೈನ ಅಧಿಕೃತ ಅಡಾಪ್ಟರ್‌ಗಳು 5ರ ಬದಲು 5.1 ವೋಲ್ಟ್ ಕೊಡುತ್ತವೆ. ಕೇಬಲನ್ನೂ ಅಡಾಪ್ಟರ್‌ಗೇ ಬೆಸೆದಿರುತ್ತಾರೆ. ಬೇರೆ ಕೇಬಲ್ ಕೊಳ್ಳುವವರು ಗಿಡ್ಡ ಹಾಗೂ ದಪ್ಪ ಕೇಬಲನ್ನೇ ಆರಿಸುವುದು ಲೇಸು.

ಪರದೆಯ ಮೇಲೆ ಮಿಂಚಿನ ಗುರುತು

ವೋಲ್ಟೇಜ್ ಸುಮಾರು 4.63ಕ್ಕಿಂತ ಇಳಿದರೆ ಪೈ ಬಿ ಪ್ಲಸ್ ಮತ್ತು ಅದರ ನಂತರದ ಮಾದರಿಗಳು, ಝೀರೋ ಸರಣಿಯನ್ನು ಹೊರತುಪಡಿಸಿ, ಎಚ್ಚರಿಕೆ ನೀಡುತ್ತವೆ. ಪರದೆಯ ಬಲಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಅಥವಾ ಕಡಿಮೆ ವೋಲ್ಟೇಜ್ ಎಂಬ ಸಂದೇಶ ಕಾಣಿಸುತ್ತದೆ. ಆಗ ಪ್ರೊಸೆಸರ್ ತನ್ನ ವೇಗವನ್ನೂ ತಗ್ಗಿಸಿಕೊಳ್ಳುತ್ತದೆ. ‘ಗಣಕ ನಿಧಾನ’ ಎಂಬ ದೂರಿಗೆ ಇದೂ ಒಂದು ಕಾರಣ.

ಪರದೆಯಿಲ್ಲದೆ ನಡೆಸುವವರು ‘ವಿಸಿಜೆನ್‌ಸಿಎಂಡಿ’ ಎಂಬ ಆದೇಶದ ‘ಗೆಟ್ ಥ್ರಾಟಲ್ಡ್’ ಆಯ್ಕೆಯಿಂದ ಇದನ್ನು ತಿಳಿಯಬಹುದು. ಉತ್ತರದಲ್ಲಿ ಸೊನ್ನೆ ಮಾತ್ರ ಬಂದರೆ ಪೂರೈಕೆ ಸರಿಯಿದೆ. ಕೊನೆಯಲ್ಲಿ 50000 ಎಂದು ಬಂದರೆ ಈಗ ಸರಿಯಿದ್ದರೂ ಫಲಕ ಚಾಲೂ ಆದಂದಿನಿಂದ ಎಂದೋ ಒಮ್ಮೆ ವೋಲ್ಟೇಜ್ ಕುಸಿದು ವೇಗ ತಗ್ಗಿತ್ತೆಂದು ಅರ್ಥ. 50005 ಎಂದಿದ್ದರೆ ಈ ಕ್ಷಣವೂ ಕೊರತೆಯಿದೆ.

ಊರಿನ ಕರೆಂಟು

ಗದಗ ಜಿಲ್ಲೆಗೆ ವಿದ್ಯುತ್ ವಿತರಿಸುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ಮನೆಗಳ ಮಾರ್ಗವನ್ನು ಪಂಪ್‌ಸೆಟ್ ಮಾರ್ಗದಿಂದ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆಯ ಉದ್ದೇಶ ಹಳ್ಳಿಯ ಮನೆಗಳಿಗೆ ಹೆಚ್ಚು ಹೊತ್ತು ವಿದ್ಯುತ್ ಒದಗಿಸುವುದು. ಆದರೆ ಪಂಪ್‌ಸೆಟ್ ಮಾರ್ಗದ ಮೇಲಿನ ತೋಟದ ಮನೆಗಳಲ್ಲಿ ಸ್ಥಿತಿ ಬೇರೆ. ಒಂದೇ ಟ್ರಾನ್ಸ್‌ಫಾರ್ಮರ್ ಮೇಲೆ ವಿದ್ಯುತ್ ಮಗ್ಗ, ಹಿಟ್ಟಿನ ಗಿರಣಿ, ಪಂಪು ಇವೆಲ್ಲ ಇದ್ದರೆ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಅದು ತನ್ನ ಸಾಮಾನ್ಯ ಬಳಕೆಯ ಹಲವು ಪಟ್ಟು ಪ್ರವಾಹ ಎಳೆಯುತ್ತದೆ. ಆಗ ಅಕ್ಕಪಕ್ಕದ ಮನೆಗಳ ದೀಪ ಮಂಕಾಗುವುದನ್ನು ಎಲ್ಲರೂ ಕಂಡಿದ್ದಾರೆ.

ಸಮಾಧಾನದ ಸಂಗತಿಯೆಂದರೆ, ಇಂತಹ ಇಳಿತ ಪುಟ್ಟ ಗಣಕಕ್ಕೆ ಅಷ್ಟಾಗಿ ತಟ್ಟದು. ಈಗಿನ ಒಳ್ಳೆಯ ಅಡಾಪ್ಟರ್‌ಗಳು 100ರಿಂದ 240 ವೋಲ್ಟ್‌ವರೆಗಿನ ಯಾವುದೇ ಪೂರೈಕೆಯಿಂದ 5 ವೋಲ್ಟನ್ನು ಸ್ಥಿರವಾಗಿ ಕೊಡಬಲ್ಲವು. ಅಡಾಪ್ಟರ್ ಮೇಲಿನ ಅಕ್ಷರಗಳಲ್ಲಿ ಈ ವ್ಯಾಪ್ತಿ ಮುದ್ರಿತವಾಗಿದೆಯೇ ಎಂದು ನೋಡಬೇಕು. ಹಾಗಿದ್ದಲ್ಲಿ ಪ್ರತ್ಯೇಕ ಸ್ಟೆಬಿಲೈಸರ್ ಅಗತ್ಯವಿಲ್ಲ.

ಅಪಾಯವಿರುವುದು ಏರಿಕೆಯಲ್ಲಿ. ತ್ರೀ ಫೇಸ್ ಮಾರ್ಗದ ನ್ಯೂಟ್ರಲ್ ತಂತಿ ತುಂಡಾದರೆ ಸಿಂಗಲ್ ಫೇಸ್ ಮನೆಗಳಲ್ಲಿ 230 ಇರಬೇಕಾದ ವೋಲ್ಟೇಜ್ 400ರ ಸನಿಹಕ್ಕೂ ಏರಬಹುದು. ದೀಪಗಳು ಒಮ್ಮೆಲೇ ಪ್ರಖರವಾಗಿ ಉರಿಯತೊಡಗಿದರೆ ಮೇನ್ ಸ್ವಿಚ್ ಆರಿಸಿ 1912 ಸಹಾಯವಾಣಿಗೆ ತಿಳಿಸಬೇಕು. ಗುಡುಗು ಮಿಂಚಿನ ವೇಳೆ ಅಡಾಪ್ಟರ್ ಮತ್ತು ಅಂತರ್ಜಾಲದ ತಂತಿ ಎರಡನ್ನೂ ಕಳಚಿಡುವುದಕ್ಕಿಂತ ಸುಲಭದ ರಕ್ಷಣೆ ಬೇರೊಂದಿಲ್ಲ. ಸರ್ಜ್ ಪ್ರೊಟೆಕ್ಟರ್ ಬಳಸುವವರು ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ದಿಢೀರನೆ ಕರೆಂಟು ಹೋದರೆ

ಏಕಫಲಕ ಗಣಕದಲ್ಲಿ ಬ್ಯಾಟರಿ ಇರುವುದಿಲ್ಲ. ಮೆಮೊರಿ ಕಾರ್ಡ್‌ಗೆ ಬರೆಯುತ್ತಿರುವಾಗಲೇ ವಿದ್ಯುತ್ ನಿಂತರೆ ಕಡತಗಳ ಪಟ್ಟಿಯೇ ಕೆಡಬಹುದು. ಮರುದಿನ ಗಣಕ ಏಳುವುದೇ ಇಲ್ಲ. ಇದಕ್ಕೆ ಮೂರು ಹಂತದ ಉಪಾಯಗಳಿವೆ.

ಮೊದಲನೆಯದು ಶಿಸ್ತು. ಪ್ಲಗ್ ಕೀಳುವ ಮೊದಲು ಗಣಕವನ್ನು ಕ್ರಮವಾಗಿ ಮುಚ್ಚಿ, ಹಸಿರು ದೀಪದ ಮಿಟುಕಾಟ ನಿಲ್ಲುವವರೆಗೆ ಕಾಯಬೇಕು. ಪೈ 5ರಲ್ಲಿ ಇದಕ್ಕೆಂದೇ ಗುಂಡಿಯಿದೆ. ಎರಡನೆಯದು ತಂತ್ರಾಂಶದ ರಕ್ಷಣೆ. ರಾಸ್ಪ್‌ಬೆರಿ ಪೈನ ಸಿದ್ಧತಾ ಪಟ್ಟಿಯಲ್ಲಿರುವ ‘ಓವರ್‌ಲೇ’ ಆಯ್ಕೆಯನ್ನು ಚಾಲೂ ಮಾಡಿದರೆ ಕಾರ್ಡ್‌ಗೆ ಏನನ್ನೂ ಬರೆಯದೆ ಗಣಕ ಓಡುತ್ತದೆ. ಫಲಕವನ್ನು ಪ್ರದರ್ಶನಕ್ಕೆ ಅಥವಾ ಒಂದೇ ಕೆಲಸಕ್ಕೆ ಬಳಸುವವರಿಗೆ ಇದು ಬಹಳ ಉಪಯುಕ್ತ. ಆದರೆ ಆಗ ಉಳಿಸಿದ ಹೊಸ ಕೆಲಸ ಮರುಚಾಲನೆಯಲ್ಲಿ ಅಳಿಸಿಹೋಗುವುದರಿಂದ ಮಾಹಿತಿಯನ್ನು ಬೇರೆ ಪೆನ್‌ಡ್ರೈವ್‌ಗೆ ಬರೆಯುವ ವ್ಯವಸ್ಥೆ ಬೇಕು.

ಮೂರನೆಯದು ಬದಲಿ ವಿದ್ಯುತ್. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ವಿಧಾನದಲ್ಲಿಟ್ಟಾಗ ಬದಲಾವಣೆಗೆ ತಗಲುವ ಸಮಯ ಬಹಳ ಕಡಿಮೆ; ಹಗುರ ಹೊರೆಯ ಅಡಾಪ್ಟರ್ ಅದನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ.

ಗಡಿಯಾರದ ಸಂಗತಿಯನ್ನೂ ಇಲ್ಲಿ ಹೇಳಬೇಕು. ಪೈ 4ರವರೆಗಿನ ಮಾದರಿಗಳಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಅವು ಅಂತರ್ಜಾಲದಿಂದ ಸಮಯ ತಿಳಿಯುತ್ತವೆ. ಕರೆಂಟು ಬಂದರೂ ಅಂತರ್ಜಾಲ ಬಾರದಿದ್ದರೆ ಮಳೆ ಅಥವಾ ತಾಪಮಾನದ ದಾಖಲೆಗೆ ತಪ್ಪು ದಿನಾಂಕ ಬೀಳುತ್ತದೆ. ಡಿಎಸ್ 3231 ಎಂಬ ಪುಟ್ಟ ಗಡಿಯಾರದ ಬಿಲ್ಲೆ ಜೋಡಿಸಿದರೆ ಈ ತೊಂದರೆ ನೀಗುತ್ತದೆ. ಪೈ 5ರಲ್ಲಿ ಗಡಿಯಾರ ಅಂತರ್ಗತವಾಗಿದ್ದು, ಬ್ಯಾಟರಿ ಮಾತ್ರ ಜೋಡಿಸಬೇಕು.

ಪವರ್ ಬ್ಯಾಂಕ್ ಸಾಕೇ?

10,000 ಎಂಎಎಚ್ ಎಂದು ಬರೆದ ಪವರ್ ಬ್ಯಾಂಕ್‌ನ ಅಂಕಿ ಒಳಗಿನ 3.7 ವೋಲ್ಟ್ ಕೋಶಕ್ಕೆ ಸಂಬಂಧಿಸಿದ್ದು. ಅಂದರೆ ಶಕ್ತಿ 37 ವ್ಯಾಟ್-ಗಂಟೆ. 5 ವೋಲ್ಟ್‌ಗೆ ಏರಿಸುವಾಗಿನ ನಷ್ಟ ಕಳೆದರೆ ಸುಮಾರು 31 ಉಳಿಯುತ್ತದೆ. 3 ವ್ಯಾಟ್ ಬಳಸುವ ಪೈ 4 ಅದರಿಂದ 10 ಗಂಟೆ ನಡೆದೀತು. ಆದರೆ ಎರಡು ಮಿತಿಗಳಿವೆ. ಅನೇಕ ಪವರ್ ಬ್ಯಾಂಕ್‌ಗಳು ಚಾರ್ಜರ್ ಜೋಡಿಸಿದ ಅಥವಾ ಕಳಚಿದ ಕ್ಷಣದಲ್ಲಿ ಹೊರಹರಿವನ್ನು ಅರೆಗಳಿಗೆ ನಿಲ್ಲಿಸುತ್ತವೆ. ಗಣಕ ಆಗಲೇ ಮರುಚಾಲನೆಗೊಳ್ಳುತ್ತದೆ. ಕೆಲವು, ಝೀರೋದಂತಹ ಮಿತವ್ಯಯಿ ಫಲಕವನ್ನು ಗುರುತಿಸಲಾಗದೆ ‘ಮೊಬೈಲ್ ತುಂಬಿತು’ ಎಂದು ಭಾವಿಸಿ ತಾವೇ ಆರಿಹೋಗುತ್ತವೆ. ಕೊಳ್ಳುವ ಮುನ್ನ ಇವೆರಡನ್ನೂ ಪರೀಕ್ಷಿಸಬೇಕು.

ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ಲಿಥಿಯಂ ಕೋಶಗಳನ್ನು ತೆಗೆದು ಬಳಸುವ ಪರಿಪಾಠ ಅಪಾಯಕಾರಿ. ರಕ್ಷಣಾ ಸರ್ಕ್ಯೂಟ್ ಇಲ್ಲದ ಕೋಶವನ್ನು 4.2 ವೋಲ್ಟ್ ಮೀರಿ ಚಾರ್ಜ್ ಮಾಡಿದರೆ ಅಥವಾ ಅದರ ಎರಡು ತುದಿಗಳು ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಮಕ್ಕಳ ಕೈಗೆ ಇದನ್ನು ಕೊಡಲೇಬಾರದು.

ಸೌರ ಫಲಕದಿಂದ ಗಣಕ

ಹೊಲದಲ್ಲಿ ಮಣ್ಣಿನ ತೇವ ಅಳೆಯಲು, ಅಥವಾ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಸಮೀಪದ ಮಾಗಡಿ ಕೆರೆಯಂತಹ ಜಾಗದಲ್ಲಿ ಅನುಮತಿ ಪಡೆದು ಕ್ಯಾಮೆರಾ ಇರಿಸಲು ಕರೆಂಟಿನ ಕಂಬ ಸಿಗುವುದಿಲ್ಲ. ಅಲ್ಲಿ ಸೌರ ವಿದ್ಯುತ್ತೇ ಗತಿ. ಲೆಕ್ಕ ಹೀಗೆ ಹಾಕಬಹುದು.

ಪೈ 4 ಸರಾಸರಿ 3 ವ್ಯಾಟ್ ಬಳಸಿದರೆ ದಿನಕ್ಕೆ 72 ವ್ಯಾಟ್-ಗಂಟೆ. ಪರಿವರ್ತನೆಯ ನಷ್ಟ ಸೇರಿಸಿ 85. ಇದು 12 ವೋಲ್ಟ್ ಬ್ಯಾಟರಿಯಿಂದ ಸುಮಾರು 7 ಆಂಪಿಯರ್-ಗಂಟೆ. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಆಯುಷ್ಯ ಕುಗ್ಗುವುದರಿಂದ ದಿನಕ್ಕೆ 14 ಎಂದು ಹಿಡಿಯಬೇಕು. ಎರಡು ದಿನ ಮೋಡ ಕವಿದರೂ ನಡೆಯಬೇಕಾದರೆ 28, ಅಂದರೆ 30 ಆಂಪಿಯರ್-ಗಂಟೆಯ ಬ್ಯಾಟರಿ. ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲು ಸಿಕ್ಕರೆ 17 ವ್ಯಾಟ್ ಫಲಕ ಸಾಕೆನಿಸಿದರೂ ಧೂಳು, ಕಾವು, ಚಾರ್ಜಿಂಗ್ ನಷ್ಟಗಳಿಗಾಗಿ ಇಮ್ಮಡಿ ಮಾಡಿ 40 ವ್ಯಾಟ್ ಫಲಕ ಹಾಕುವುದು ಸೂಕ್ತ.

ಇದೇ ಕೆಲಸಕ್ಕೆ ಝೀರೋ ಡಬ್ಲ್ಯು ಸಾಕಾದರೆ ಬಳಕೆ 0.75 ವ್ಯಾಟ್‌ಗೆ ಇಳಿಯುತ್ತದೆ. ಯುಪಿಎಸ್‌ಗಳಲ್ಲಿರುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಪುಟ್ಟ ಬ್ಯಾಟರಿಯನ್ನು ಅರ್ಧ ಮಾತ್ರ ಬಳಸಿದರೂ ಅದು ಎರಡು ದಿನ ನಡೆಯುತ್ತದೆ. ಅದೇ ಬ್ಯಾಟರಿಯಲ್ಲಿ ಪೈ 4 ನಡೆಯುವುದು 12 ಗಂಟೆ. ಕೆಲಸಕ್ಕೆ ತಕ್ಕ ಚಿಕ್ಕ ಫಲಕ ಆರಿಸಿದರೆ ಬ್ಯಾಟರಿ, ಸೌರ ಫಲಕ ಎರಡರ ಖರ್ಚೂ ಇಳಿಯುತ್ತದೆ.

12 ವೋಲ್ಟನ್ನು 5ಕ್ಕೆ ಇಳಿಸಲು 7805 ಎಂಬ ಹಳೆಯ ರೆಗ್ಯುಲೇಟರ್ ಬಳಸಬಾರದು. 1 ಆಂಪಿಯರ್ ಹರಿದರೆ ಅದು 7 ವ್ಯಾಟನ್ನು ಬರಿಯ ಬಿಸಿಯಾಗಿ ಕಳೆಯುತ್ತದೆ. ಬಕ್ ಕನ್ವರ್ಟರ್ ಬಳಸಬೇಕು. ಕಾರಿನ ಮೊಬೈಲ್ ಚಾರ್ಜರ್ ಕೂಡ ಇದೇ ಜಾತಿಯದು. ತಿರುಪಿನಿಂದ ಹೊಂದಿಸುವ ಕನ್ವರ್ಟರ್ ಆದರೆ ಫಲಕಕ್ಕೆ ಜೋಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದು 5.1 ವೋಲ್ಟ್‌ಗೆ ನಿಲ್ಲಿಸಬೇಕು. ಸೌರ ಫಲಕವನ್ನು ನೇರವಾಗಿ ಗಣಕಕ್ಕೆ ಎಂದೂ ಜೋಡಿಸಬಾರದು. 12 ವೋಲ್ಟ್ ಎಂದು ಹೆಸರಿದ್ದರೂ ಹೊರೆಯಿಲ್ಲದಾಗ ಅದು 21 ವೋಲ್ಟ್‌ವರೆಗೆ ಕೊಡುತ್ತದೆ.

ಪಿನ್‌ಗಳ ಎಚ್ಚರಿಕೆ

40 ಪಿನ್‌ಗಳ ಸಾಲಿನಲ್ಲಿ 2 ಮತ್ತು 4ನೇ ಪಿನ್‌ಗಳು 5 ವೋಲ್ಟ್‌ನವು, 6ನೆಯದು ಗ್ರೌಂಡ್. ಇವುಗಳ ಮೂಲಕವೂ ಫಲಕಕ್ಕೆ ವಿದ್ಯುತ್ ಕೊಡಬಹುದು. ಆದರೆ ಮೈಕ್ರೋ ಯುಎಸ್‌ಬಿ ಕಿಂಡಿಯ ಬಳಿಯಿರುವ ರಕ್ಷಣಾ ಫ್ಯೂಸ್ ಈ ದಾರಿಯಲ್ಲಿಲ್ಲ. ತಂತಿ ಅದಲುಬದಲಾದರೆ ಫಲಕ ಉಳಿಯುವುದು ಕಷ್ಟ. ಉಳಿದ ಸಂಕೇತ ಪಿನ್‌ಗಳು 3.3 ವೋಲ್ಟ್ ಮಾತ್ರ ತಾಳುತ್ತವೆ. 5 ವೋಲ್ಟ್‌ನಲ್ಲಿ ಕೆಲಸ ಮಾಡುವ ಆರ್ಡುಯಿನೋದ ಪಿನ್ನನ್ನು ಅವುಗಳಿಗೆ ನೇರ ಜೋಡಿಸಬಾರದು.

ಮೋಟಾರು, ಪಂಪು ಮುಂತಾದವುಗಳಿಗೆ ಫಲಕದ ಪಿನ್‌ನಿಂದ ವಿದ್ಯುತ್ ಕೊಡದೆ ಪ್ರತ್ಯೇಕ ಪೂರೈಕೆ ಕಲ್ಪಿಸಿ, ಎರಡರ ಗ್ರೌಂಡ್ ತಂತಿಗಳನ್ನು ಒಂದುಗೂಡಿಸಬೇಕು. ಮೋಟಾರು ನಿಲ್ಲುವಾಗ ಹಿಮ್ಮುಖವಾಗಿ ಚಿಮ್ಮುವ ವೋಲ್ಟೇಜ್‌ಗೆ ಡಯೋಡ್ ಅಡ್ಡವಿರಬೇಕು. 230 ವೋಲ್ಟ್ ಹಾಯುವ ರಿಲೇಯನ್ನು ತೆರೆದಿಡದೆ ಪೆಟ್ಟಿಗೆಯಲ್ಲಿ ಮುಚ್ಚಬೇಕು. ಆ ಭಾಗದ ಜೋಡಣೆಯನ್ನು ಬಲ್ಲವರಿಂದಲೇ ಮಾಡಿಸಬೇಕು.

ಕೊಳ್ಳುವಾಗ ನೋಡಬೇಕಾದವು

ಭಾರತದಲ್ಲಿ ಇಂತಹ ಅಡಾಪ್ಟರ್ ಹಾಗೂ ಪವರ್ ಬ್ಯಾಂಕ್‌ಗಳಿಗೆ ಭಾರತೀಯ ಮಾನಕ ಬ್ಯೂರೋದಲ್ಲಿ ಕಡ್ಡಾಯ ನೋಂದಣಿ ಇದೆ. ಬ್ಯೂರೋದ ಗುರುತಿನೊಂದಿಗೆ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಮುದ್ರಿತವಾಗಿರಬೇಕು. ಗುರುತಿಲ್ಲದ, ಕೈಗೆತ್ತಿಕೊಂಡರೆ ತೀರಾ ಹಗುರವೆನಿಸುವ ಅಡಾಪ್ಟರ್‌ಗಳಲ್ಲಿ 230 ವೋಲ್ಟ್ ಭಾಗಕ್ಕೂ 5 ವೋಲ್ಟ್ ಭಾಗಕ್ಕೂ ನಡುವಿನ ಅಂತರವೇ ಸಾಲದಿರಬಹುದು. ಆಗ ಅಪಾಯ ಫಲಕಕ್ಕಷ್ಟೇ ಅಲ್ಲ, ಅದನ್ನು ಮುಟ್ಟುವ ಕೈಗೂ ಉಂಟು.

ಫಲಕ ಸರಿಯಾಗಿ ನಡೆಯದಿದ್ದರೆ ಪರೀಕ್ಷೆಯ ಕ್ರಮ ಹೀಗಿರಲಿ: ಮೊದಲು ಕೇಬಲ್ ಬದಲಿಸಿ, ನಂತರ ಅಡಾಪ್ಟರ್ ಬದಲಿಸಿ, ಆಮೇಲೆ ಯುಎಸ್‌ಬಿಗೆ ಜೋಡಿಸಿದ ಉಪಕರಣಗಳನ್ನೆಲ್ಲ ಕಳಚಿ ನೋಡಿ, ಕೊನೆಗೆ 5 ವೋಲ್ಟ್ ಪಿನ್ ಮತ್ತು ಗ್ರೌಂಡ್ ನಡುವೆ ಮಲ್ಟಿಮೀಟರ್ ಹಿಡಿದು ಅಳೆಯಿರಿ. ಗಣಕ ಕೆಲಸದಲ್ಲಿರುವಾಗ ಅಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಇಷ್ಟಾದ ಮೇಲೂ ತೊಂದರೆ ಉಳಿದರೆ ಮಾತ್ರ ಮೆಮೊರಿ ಕಾರ್ಡ್ ಅಥವಾ ಫಲಕವನ್ನು ಸಂಶಯಿಸಬಹುದು. ಶಾಲೆಗಳು ಫಲಕಗಳನ್ನು ತರಿಸುವಾಗ ಅವುಗಳ ಸಂಖ್ಯೆಯಷ್ಟೇ ಸರಿಯಾದ ಅಡಾಪ್ಟರ್‌ಗಳನ್ನೂ ಬೇಡಿಕೆ ಪಟ್ಟಿಯಲ್ಲಿ ಸೇರಿಸಿ, ಒಂದು ಮಲ್ಟಿಮೀಟರನ್ನು ಪ್ರಯೋಗಾಲಯದಲ್ಲಿ ಇರಿಸಿಕೊಂಡರೆ ಮಕ್ಕಳು ಈ ಪರೀಕ್ಷೆಗಳನ್ನು ತಾವೇ ಮಾಡಿ ಕಲಿಯಬಲ್ಲರು.